ಜ್ವರ ಬಾರದವರ ಮನೆಗೂ ಬಂದು ಕೇಳುವುದೇಕೆ?

ಪ್ರಶ್ನೆ: ಹಿಂದೊಮ್ಮೆ ನಮ್ಮ ಊರಿನ ಕೆಲವರಿಗೆ ಮಂಗನ ಕಾಯಿಲೆ ಬಂದಾಗ ಸಮೀಕ್ಷೆಯ ತಂಡವೊಂದು ಬಂದಿತ್ತು. ಹಾಸಿಗೆ ಹಿಡಿದವರ ಮನೆಗೆ ಹೋಗಿದ್ದು ಸರಿಯೇ. ಆದರೆ ಗಟ್ಟಿಮುಟ್ಟಾಗಿದ್ದ ನಮ್ಮನ್ನೂ ಕೂರಿಸಿಕೊಂಡು, ಕಾಡಿಗೆ ಯಾವಾಗ ಹೋಗಿದ್ದಿರಿ, ದರಕು (ಉದುರಿದ ಒಣ ಎಲೆ) ಎಲ್ಲಿಂದ ತಂದಿರಿ, ಕೊಟ್ಟಿಗೆಯಲ್ಲಿ ಎಷ್ಟು ದನಗಳಿವೆ ಎಂದು ಬಹಳ ಹೊತ್ತು ವಿಚಾರಿಸಿದರು. ಇದರಿಂದ ಪ್ರಯೋಜನವೇನು? ಎಪಿಡೆಮಿಯಾಲಜಿ ಎಂದರೆ ಇದೇ ಏನು?
— ಸಾಗರ ತಾಲ್ಲೂಕಿನ ಓದುಗರು

ಉತ್ತರ: ಹೌದು, ಅದೇ, ಆ ಶಾಸ್ತ್ರದ ತಿರುಳೇ ನಿಮ್ಮ ಜಗಲಿಯ ಮೇಲೆ ನಡೆದಿದೆ. ವೈದ್ಯರು ಒಬ್ಬ ರೋಗಿಯನ್ನು ಪರೀಕ್ಷಿಸಿ ಆತನಿಗೆ ಏನಾಗಿದೆ ಎಂದು ಕೇಳಿದರೆ, ಎಪಿಡೆಮಿಯಾಲಜಿಯವರು ಇಡೀ ಊರನ್ನು ಮುಂದಿಟ್ಟುಕೊಂಡು, ಕಾಯಿಲೆ ಇವರಿಗೇ ಏಕೆ ಬಂತು, ಅವರಿಗೇಕೆ ಬರಲಿಲ್ಲ ಎಂದು ಕೇಳುತ್ತಾರೆ. ಕನ್ನಡದಲ್ಲಿ ಇದನ್ನು ಸಾಂಕ್ರಾಮಿಕ ರೋಗಶಾಸ್ತ್ರ ಎನ್ನುವ ರೂಢಿಯಿದೆ. ಆ ಹೆಸರು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ರಕ್ತದೊತ್ತಡ, ಕ್ಯಾನ್ಸರ್, ರಸ್ತೆ ಅಪಘಾತಗಳಂತಹ ಅಂಟದ ತೊಂದರೆಗಳೂ ಇದರ ವ್ಯಾಪ್ತಿಯಲ್ಲೇ ಬರುತ್ತವೆ.

ಗಟ್ಟಿಮುಟ್ಟಾದವರನ್ನು ಕೇಳದಿದ್ದರೆ ಆಗುವ ಎಡವಟ್ಟನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಒಂದು ಊರಿನಲ್ಲಿ 20 ಜನರಿಗೆ ಕಾಯಿಲೆ ಬಂದಿದೆ, ಅವರಲ್ಲಿ 18 ಜನ ಕಾಡಿನಿಂದ ದರಕು ತಂದವರು ಎಂದುಕೊಳ್ಳಿ. ದರಕಿನಿಂದಲೇ ಬಂತು ಎಂದು ಯಾರಿಗಾದರೂ ಅನಿಸುತ್ತದೆ. ಈಗ ಕಾಯಿಲೆ ಬಾರದ 40 ಜನರನ್ನು ವಿಚಾರಿಸಿದರೆ ಅವರಲ್ಲೂ 36 ಜನ ದರಕು ತಂದವರೇ. ಎರಡೂ ಕಡೆ ನೂರಕ್ಕೆ 90. ಅಲ್ಲಿಗೆ ಆ ಎರಡು ಗುಂಪುಗಳ ವ್ಯತ್ಯಾಸವನ್ನು ದರಕು ವಿವರಿಸುವುದಿಲ್ಲ. ಆದರೆ ಕಾಯಿಲೆ ಬಿದ್ದವರಲ್ಲಿ 15 ಜನ ಮೂಡಣ ದಿಕ್ಕಿನ ಕಾಡಿಗೆ ಹೋದವರು, ಬಾರದವರಲ್ಲಿ ಹಾಗೆ ಹೋದವರು ಹತ್ತೇ ಮಂದಿ ಎಂದಾದರೆ, ಒಂದು ಕಡೆ ನೂರಕ್ಕೆ 75, ಇನ್ನೊಂದು ಕಡೆ 25. ಈಗ ಆ ಕಾಡಿನತ್ತ ನೋಡಲು ಕಾರಣ ಸಿಕ್ಕಿತು. ಕಾರಣ ಸಿಕ್ಕಿತೇ ಹೊರತು ಸಾಕ್ಷ್ಯ ಪೂರ್ತಿಯಾಗಲಿಲ್ಲ ಎಂಬುದನ್ನೂ ಗಮನಿಸಬೇಕು. ಆ ಕಡೆ ಹೋಗುವವರೆಲ್ಲ ದನ ಮೇಯಿಸುವವರೇ ಆಗಿದ್ದರೆ, ಕಾಡಿನದೋ ಮೇಯಿಸುವ ಕೆಲಸದ್ದೋ ಎಂಬುದನ್ನು ಮತ್ತೆ ಬಿಡಿಸಬೇಕಾಗುತ್ತದೆ. ನಿಮ್ಮನ್ನು ಕೊಟ್ಟಿಗೆಯ ಬಗ್ಗೆ ಕೇಳಿದ್ದು ಅದಕ್ಕಾಗಿಯೇ ಇರಬೇಕು. ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನೂ ಬೇರೆ ಕಾಯಿಲೆಗಳ ರೋಗಿಗಳನ್ನೂ ಇದೇ ರೀತಿ ಹೋಲಿಸಿ, ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರು 1950ರಲ್ಲಿ ಸಿಗರೇಟಿನತ್ತ ಬೆರಳು ತೋರಿಸಿದರು.

ಮಂಗನ ಕಾಯಿಲೆಯ ಗುಟ್ಟು ಬಯಲಾದ ಬಗೆಯೂ ಹೀಗೆಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳುತ್ತಿದ್ದವು. ಅದೇ ಸೀಮೆಯ ಜನರಿಗೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಮಂಗ, ಮನುಷ್ಯ ಇಬ್ಬರೂ ಸಾಯುವ ಕಾಯಿಲೆಯೆಂದರೆ ಆಗ ಮೊದಲು ನೆನಪಾಗುತ್ತಿದ್ದುದು ದಕ್ಷಿಣ ಅಮೆರಿಕದ ಹಳದಿ ಜ್ವರ. ಸೊಳ್ಳೆಯಿಂದ ಹರಡುವ ಆ ಜ್ವರ ಏಷ್ಯಾದಲ್ಲಿ ಇರಲಿಲ್ಲವಾದ್ದರಿಂದ, ಅದು ಇಲ್ಲಿಗೂ ಕಾಲಿಟ್ಟಿತೇ ಎಂಬ ಆತಂಕ ದೊಡ್ಡದಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ, ಟೆಲ್ಫೋರ್ಡ್ ವರ್ಕ್ ಮತ್ತು ಸಂಗಡಿಗರು ಬಂದು ಯಾರಿಗೆ, ಎಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆಗಳ ಬೆನ್ನು ಹತ್ತಿದರು. ಯಾರಿಗೆ ಎಂದರೆ, ಕಾಡಿಗೆ ಹೋಗಿಬರುವವರಿಗೆ. ಎಲ್ಲಿ ಎಂದರೆ, ಮಂಗ ಸತ್ತ ಕಾಡಿನ ಆಸುಪಾಸಿನಲ್ಲಿ. ಯಾವಾಗ ಎಂದರೆ, ಮಳೆ ಕಳೆದು ಒಣ ಹವೆ ಬಂದ ಮೇಲೆ. ಮಂಗಗಳ ಮೈಯಲ್ಲಿ ಉಣುಗುಗಳು ಹೇರಳವಾಗಿದ್ದವು. ಪ್ರತ್ಯೇಕಿಸಿದ ವೈರಸ್ಸು ಹಳದಿ ಜ್ವರದ್ದಾಗಿರದೆ, ರಷ್ಯಾದಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ್ದಾಗಿತ್ತು. ನಮ್ಮಲ್ಲಿ ಈ ಕಾಯಿಲೆ ಸಾಮಾನ್ಯವಾಗಿ ನವೆಂಬರ್ ಇಲ್ಲವೇ ಡಿಸೆಂಬರಿನಲ್ಲಿ ತಲೆಯೆತ್ತಿ ಮಳೆ ಹಿಡಿಯುವ ಹೊತ್ತಿಗೆ ತಗ್ಗುವುದು ಏಕೆಂದರೆ, ಮನುಷ್ಯರಿಗೆ ಹೆಚ್ಚಾಗಿ ಕಚ್ಚುವ ಮರಿ ಉಣುಗುಗಳ ಕಾಲವೂ ಅದೇ. ಎಳ್ಳುಕಾಳಿಗಿಂತ ಸಣ್ಣದಾದ ಆ ಮರಿ ಕಚ್ಚಿದ್ದು ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ. ಹಾಗಾಗಿ ಉಣುಗು ಕಚ್ಚಿತ್ತೇ ಎಂದಷ್ಟೇ ಕೇಳಿದರೆ ಇಲ್ಲ ಎಂಬ ಉತ್ತರ ಬರುತ್ತದೆ. ಎಲ್ಲಿ ಕೂತಿದ್ದಿರಿ, ಏನು ಹೊತ್ತು ತಂದಿರಿ ಎಂದು ಬಳಸಿ ಕೇಳಬೇಕಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಲಸಿಕೆ ಹಾಕಿಸಿಕೊಂಡವರಿಗೂ ಈ ಕಾಯಿಲೆ ಬಂದಿತ್ತು. ಲಸಿಕೆ ಹಾಕಿಸದವರಿಗಿಂತ ಅವರೇ ಹೆಚ್ಚಿದ್ದರು. ಹಾಗಾದರೆ ಲಸಿಕೆ ವ್ಯರ್ಥವಲ್ಲವೇ?
— ತೀರ್ಥಹಳ್ಳಿಯ ಓದುಗರು

ಉತ್ತರ: ನೀವು ಅಂಶವನ್ನು ಕೊಟ್ಟಿದ್ದೀರಿ, ಛೇದವನ್ನು ಕೊಟ್ಟಿಲ್ಲ. ಊರಿನಲ್ಲಿ 500 ಜನ ಲಸಿಕೆ ಹಾಕಿಸಿಕೊಂಡು ಅವರಲ್ಲಿ ಐವರಿಗೆ ಕಾಯಿಲೆ ಬಂದಿತು, ಹಾಕಿಸದ 100 ಜನರಲ್ಲಿ ನಾಲ್ವರಿಗೆ ಬಂದಿತು ಎಂದಿಟ್ಟುಕೊಳ್ಳಿ. ಐದು ನಾಲ್ಕಕ್ಕಿಂತ ದೊಡ್ಡದೇ. ಆದರೆ ಮೊದಲ ಗುಂಪಿನಲ್ಲಿ ನೂರಕ್ಕೆ ಒಬ್ಬರು, ಎರಡನೆಯದರಲ್ಲಿ ನಾಲ್ವರು. ಈ ಲೆಕ್ಕದಲ್ಲಿ ಲಸಿಕೆ ನಾಲ್ಕರಲ್ಲಿ ಮೂರು ಪಾಲು ಅಪಾಯವನ್ನು ತಪ್ಪಿಸಿದೆ.

ಆದರೂ ನಿಮ್ಮ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಕರ್ನಾಟಕದಲ್ಲಿ 2005ರಿಂದ 2010ರವರೆಗಿನ ಮಾಹಿತಿಯನ್ನು ಇದೇ ಬಗೆಯಲ್ಲಿ ಲೆಕ್ಕ ಹಾಕಿದಾಗ, ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇ 62.4ರಷ್ಟು, ಬೂಸ್ಟರ್ ಸಹ ಪಡೆದವರಲ್ಲಿ ಶೇ 82.9ರಷ್ಟು ಎಂದು ಕಂಡುಬಂದಿತ್ತು. ಎರಡು ಡೋಸಿಗೆ ಶೇ 90ಕ್ಕಿಂತ ಹೆಚ್ಚು ರಕ್ಷಣೆ ಎಂದು ಅದಕ್ಕೂ ಮೊದಲು ಬಂದಿದ್ದ ಅಂದಾಜಿಗೆ ಹೋಲಿಸಿದರೆ ಇದು ಕಡಿಮೆಯೇ. ಆ ಹಳೆಯ ಲಸಿಕೆಯ ಬಳಕೆ ಈಗ ನಿಂತಿದೆ. ಲಸಿಕೆಯನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಲೆಕ್ಕ ಒಂದೇ. ಎರಡೂ ಗುಂಪುಗಳ ಛೇದವನ್ನು ಕೇಳದೆ ಯಾವ ತೀರ್ಪನ್ನೂ ಒಪ್ಪಬೇಡಿ.

ಪ್ರಶ್ನೆ: ತೋಟದ ಅಂಚಿನಲ್ಲಿ ಮಂಗ ಸತ್ತಿದ್ದರೆ ತಿಳಿಸಿ ಎನ್ನುತ್ತಾರೆ. ಸತ್ತ ಮಂಗಕ್ಕೆ ಇನ್ನೇನು ಚಿಕಿತ್ಸೆ? ನಾವೇ ಹೂತುಹಾಕಿದರೆ ಸಾಲದೇ?
— ಸಿದ್ದಾಪುರದ ಓದುಗರು

ಉತ್ತರ: ಸಾಲದು, ಮತ್ತು ದಯವಿಟ್ಟು ಹಾಗೆ ಮಾಡಬೇಡಿ. ಮಂಗ ಸತ್ತ ಮೇಲೆ ಅದರ ಮೈಯಲ್ಲಿದ್ದ ಸೋಂಕಿನ ಉಣುಗುಗಳು ಕೆಳಗಿಳಿದು ಸುತ್ತಲಿನ ನೆಲದಲ್ಲಿ ಉಳಿಯುತ್ತವೆ. 2012ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಕಾಯಿಲೆ ಕಾಣಿಸಿಕೊಂಡಾಗ ಅದಕ್ಕೆ ತುತ್ತಾದವರಲ್ಲಿ ಸತ್ತ ಮಂಗಗಳನ್ನು ಎತ್ತಿ ಸುಟ್ಟ ಕೆಲಸಗಾರರಿದ್ದರು. ಮಲೆನಾಡಿನಿಂದ ಅಷ್ಟು ದೂರದ ಚಾಮರಾಜನಗರ ಜಿಲ್ಲೆಯಲ್ಲೂ ಈ ವೈರಸ್ ಇದೆ ಎಂಬುದು ತಿಳಿದದ್ದು ಆಗಲೇ.

ಮನುಷ್ಯರಿಂದ ಮನುಷ್ಯರಿಗೆ ಈ ಕಾಯಿಲೆ ಹರಡದಿರುವುದರಿಂದ, ರೋಗಿಯನ್ನು ಮನೆಯವರಿಂದ ದೂರ ಇಟ್ಟು ಇದನ್ನು ತಡೆಯಲಾಗದು. ಅಪಾಯವಿರುವುದು ಕಾಡಿನ ಯಾವ ಮೂಲೆಯಲ್ಲಿ ಎಂದು ಜನರಿಗೆ ಜ್ವರ ಬರುವ ಮೊದಲೇ ತಿಳಿಯಬೇಕು. ಸತ್ತ ಮಂಗದ ಸುದ್ದಿ ಅದನ್ನೇ ಹೇಳುತ್ತದೆ. ಅದರ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ, ಸುತ್ತ ಕೀಟನಾಶಕ ಹಾಕಿ, ಆ ಕಡೆಯ ಮನೆಗಳಿಗೆ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲ ಹಂಚಿ, ಜ್ವರ ಬಂದವರ ರಕ್ತಪರೀಕ್ಷೆಯನ್ನು ಬೇಗ ಮಾಡಿಸಬಹುದು. ಆದ್ದರಿಂದ ಮಂಗ ಸತ್ತಿರುವುದು ಕಂಡರೆ ಹತ್ತಿರ ಹೋಗದೆ, ನಾಯಿಯನ್ನೂ ಬಿಡದೆ, ಜಾಗವನ್ನು ಗುರುತಿಟ್ಟುಕೊಂಡು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅಂದೇ ತಿಳಿಸಿ. ವಾಸನೆ ಬಂದ ಮೇಲೆ ತಿಳಿಸಿದರೆ ಪರೀಕ್ಷೆಗೆ ಯೋಗ್ಯವಾದ ಮಾದರಿ ಸಿಗುವುದು ಕಷ್ಟ.