ಪ್ರತಿಕ್ರಿಯೆ: ಡ್ಯೂಟಿಗೆ ಮುಂಚಿನ ಮೀಟಿಂಗ್‌ಗೆ ಓಟಿ (ಓವರ್‌ಟೈಮ್ ಸಂಬಳ) ಸಿಗುತ್ತಾ?

ಹುಬ್ಬಳ್ಳಿ ಬಟ್ಟೆ ಶೋರೂಮಲ್ಲಿ ಡ್ಯೂಟಿ ಒಂಬತ್ತೂವರೆಗೆ, ಆದರೆ ಎಂಟೂಮುಕ್ಕಾಲಿಗೇ ಕಡ್ಡಾಯ ಮೀಟಿಂಗ್, "ಅದು ಕೆಲಸ ಅಲ್ಲ" ಅಂತಾರೆ ಮ್ಯಾನೇಜರ್ ಅಂದಿರಲ್ಲ, ಅವರ ಮಾತು ನಿಲ್ಲಲ್ಲ ಸರ್. ನಿಮಗೆ ಅನ್ವಯಿಸೋದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಊಟ-ವಿರಾಮ ಬಿಟ್ಟು ನೀವು ಮಾಲೀಕರ ಅಧೀನದಲ್ಲಿರುವ ಹೊತ್ತೆಲ್ಲ ಅದರ ಪ್ರಕಾರ ಕೆಲಸದ ಹೊತ್ತೇ. ಕಡ್ಡಾಯ ಅಂದಮೇಲೆ ಅಲ್ಲಿ ಸೇಲ್ಸ್ ಟಾರ್ಗೆಟ್ ಓದಲಿ, ಭಾಷಣ ಬಿಗಿಯಲಿ, ಲೆಕ್ಕಕ್ಕೆ ಬರುತ್ತೆ.

ಆದರೆ ಓಟಿ ಶುರುವಾಗೋದು ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ದಾಟಿದ ಮೇಲೆ. ಸಂಜೆ ಏಳೂವರೆಗೆ ಬಿಡ್ತಾರೆ, ನಡುವೆ ಒಂದು ಗಂಟೆ ಊಟ ಅಂದಿದ್ದೀರಿ. ಅಲ್ಲಿಗೇ 9 ಆಯ್ತು. ಹಾಗಾಗಿ ಮೀಟಿಂಗಿನ ಮುಕ್ಕಾಲು ಗಂಟೆಗೆ ದುಪ್ಪಟ್ಟು ದರದಲ್ಲಿ ಸಂಬಳ ಬರಬೇಕು. ಆರೂವರೆಗೇ ಬಿಡುವ ಅಂಗಡಿಯಾಗಿದ್ದರೆ ದಿನದ 9 ಗಂಟೆ ದಾಟ್ತಿರಲಿಲ್ಲ, ಆದರೆ ವಾರಕ್ಕೆ ಆರು ದಿನ ಕೆಲಸ ಇದ್ದರೆ ವಾರದ 48 ದಾಟಿ ಆಗಲೂ ದುಪ್ಪಟ್ಟಿನ ಮಾತು ಬರ್ತಿತ್ತು.

ಮೀಟಿಂಗ್ ಮುಗಿದ ಮೇಲೆ ಹಾಜರಿಯ ಥಂಬ್ ಹಾಕಿಸ್ತಾರೆ ಅಂದ್ರಲ್ಲ, ಕಿತಾಪತಿ ಇರೋದೇ ಅಲ್ಲಿ. ದಾಖಲೆಯಲ್ಲಿ ನೀವು ಬಂದಿದ್ದೇ ಒಂಬತ್ತೂವರೆಗೆ! "ಎಂಟೂಮುಕ್ಕಾಲಿಗೆ ಎಲ್ಲರೂ ಇರಬೇಕು" ಅನ್ನೋ ವಾಟ್ಸಾಪ್ ಮೆಸೇಜುಗಳನ್ನ ತಾರೀಖಿನ ಸಮೇತ ಸ್ಕ್ರೀನ್‌ಶಾಟ್ ತೆಗೆದಿಡಿ, ಬಂದ ಹೊತ್ತನ್ನ ದಿನಾ ಬರೆದಿಡಿ. ಮೊದಲು ಮಾಲೀಕರಿಗೆ ಬರವಣಿಗೆಯಲ್ಲಿ ಕೇಳಿ. ಜಗ್ಗದಿದ್ದರೆ ನಿಮ್ಮ ವ್ಯಾಪ್ತಿಯ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಿ, ಸಾಧ್ಯವಾದರೆ ನಾಲ್ಕೈದು ಜನ ಸೇರಿಯೇ ಸಹಿ ಹಾಕಿ. ಒಬ್ಬರೇ ಹೋದರೆ ಕಣ್ಣು ನಿಮ್ಮ ಮೇಲೇ ಬೀಳುತ್ತೆ.