ತಮ್ಮನನ್ನು ಕ್ಷಮಿಸಲೇಬೇಕಾ?

ಪ್ರಶ್ನೆ: ಅಪ್ಪನ ತೋಟ ಮಾರಿದ ದುಡ್ಡಲ್ಲಿ ತಮ್ಮ ನನಗೆ ಪಾಲು ಕೊಡಲಿಲ್ಲ. ಪಾಸ್ಟರ್ ಕ್ಷಮಿಸು ಅಂತಾರೆ. ಹೇಗೆ ಕ್ಷಮಿಸಲಿ?

ಉತ್ತರ: ಕ್ಷಮಿಸುವುದು ಅಂದರೆ ಪಾಲು ಬಿಡುವುದಲ್ಲ, ಅಕ್ಕಾ. ಧೈರ್ಯವಾಗಿ ಕೇಳಿ. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ಲಾಡಿಸ್ ಸ್ಟೇನ್ಸ್ ಅವರ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಗಾಡಿಯಲ್ಲೇ ಸುಟ್ಟು ಕೊಂದರು. ಸಣ್ಣವನಿಗೆ ಬರೀ ಆರು ವರ್ಷ. ಆಕೆ ಕೊಂದವರನ್ನು ಕ್ಷಮಿಸಿದರು. ಶಿಕ್ಷೆಯ ವಿಷಯ ಕಾನೂನಿಗೆ ಬಿಟ್ಟರು. ತಾವಿದ್ದ ಒಡಿಶಾದ ಬಾರಿಪದಾ ಊರಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಕ್ಷಮೆ ಬೇರೆ, ನ್ಯಾಯ ಬೇರೆ ಅಲ್ವಾ?

ನನಗೂ ಗೆಳತಿಯೊಬ್ಬಳು ಸಾಲ ತೀರಿಸದೆ ಮೋಸ ಮಾಡಿದ್ದಳು. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ, ನಾವು ಬೇರೆಯವರನ್ನು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಅನ್ನುವ ಸಾಲು ಬಂದಾಗ ಬಾಯಿ ಕಟ್ಟುತ್ತಿತ್ತು. ಕೊನೆಗೆ ದಿನಾ ರಾತ್ರಿ ಅವಳ ಹೆಸರು ಹೇಳಿ ಪ್ರಾರ್ಥಿಸತೊಡಗಿದೆ. ಮೊದಮೊದಲು ಹಲ್ಲು ಕಚ್ಚಿಕೊಂಡೇ. ಕಳೆದ ಕ್ರಿಸ್ಮಸ್‌ಗೆ ಅವಳ ಮನೆಗೆ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು, ಕಳಿಸಿದೆ.