ಹವಾನಾ ಸಿಂಡ್ರೋಮ್ ನಿಜವಾದ ಕಾಯಿಲೆಯೇ, ಬರೀ ಭ್ರಮೆಯೇ?

ಕ್ಯೂಬಾದಲ್ಲಿದ್ದ ಅಮೆರಿಕದ ರಾಜತಾಂತ್ರಿಕರಿಗೆ ಬಂದ, ಹವಾನಾ ಸಿಂಡ್ರೋಮ್ ಎಂದು ಹೆಸರಾದ ಕಾಯಿಲೆ ನಿಜವೋ ಭ್ರಮೆಯೋ, ಎಂಆರ್‌ಐಯಲ್ಲಿ ಏನೂ ಸಿಗಲಿಲ್ಲವಂತಲ್ಲ ಎಂದು ಕೇಳಿದ್ದೀರಿ. ಕಿವಿ ಮತ್ತು ಸಮತೋಲನದ ಪರೀಕ್ಷೆ ಮಾಡುವುದು ನನ್ನ ಕೆಲಸ. ತಲೆಸುತ್ತು ಅಂತ ಬರುವವರನ್ನು ದಿನಾ ನೋಡುತ್ತೇನೆ. ಹಾಗಾಗಿ ಇದು ಶತ್ರುದೇಶದ ಗೂಢಚಾರರ ದಾಳಿಯೇ ಎಂಬ ವಿಷಯ ಆಮೇಲೆ, ಮೊದಲು ಆ ಜನರಿಗೆ ಆದದ್ದೇನು ಅಂತ ಹೇಳುತ್ತೇನೆ.

ಕ್ಯೂಬಾದ ರಾಜಧಾನಿ ಹವಾನಾದಲ್ಲಿ ಅಮೆರಿಕದ ರಾಯಭಾರ ಕಚೇರಿ ಮತ್ತೆ ತೆರೆದದ್ದು 2015ರಲ್ಲಿ. 2016ರ ಕೊನೆಗೆ ಅಲ್ಲಿನ ಕೆಲವರು ಒಂದು ವಿಚಿತ್ರ ಅನುಭವ ಹೇಳತೊಡಗಿದರು. ಮನೆಯಲ್ಲೋ ಹೋಟೆಲ್ ರೂಮಿನಲ್ಲೋ ಇದ್ದಾಗ ಇದ್ದಕ್ಕಿದ್ದಂತೆ ಒಂದೇ ದಿಕ್ಕಿನಿಂದ ಕಿರ್ರೆನ್ನುವ ಸದ್ದು, ಕಿವಿನೋವು, ತಲೆಯನ್ನು ಯಾರೋ ಅದುಮಿ ಹಿಡಿದಂಥ ಒತ್ತಡ. ಕೆಲವರಿಗೆ ಆ ಜಾಗ ಬಿಟ್ಟು ಸರಿದರೆ ಸದ್ದು ನಿಂತೇಬಿಡುತ್ತಿತ್ತು. ಆದರೆ ತಲೆಸುತ್ತು, ತಲೆನೋವು, ಮರೆವು ತಿಂಗಳುಗಟ್ಟಲೆ ಬಿಡಲಿಲ್ಲ. ಅಲ್ಲಿದ್ದ ಕೆನಡಾದವರಿಗೂ ಹೀಗೇ ಆಯಿತು. 2018ರಲ್ಲಿ ಚೀನಾದ ಗ್ವಾಂಗ್‌ಝೌನಿಂದಲೂ ದೂರು ಬಂತು. 2021ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಮುಖ್ಯಸ್ಥರಾಗಿದ್ದ ವಿಲಿಯಂ ಬರ್ನ್ಸ್ ಭಾರತಕ್ಕೆ ಬಂದಾಗ ಅವರ ತಂಡದ ಒಬ್ಬರಿಗೂ ಇಂಥ ಲಕ್ಷಣ ಕಾಣಿಸಿಕೊಂಡಿತೆಂದು ವರದಿಯಾಗಿತ್ತು.

ಜೀರುಂಡೆಯ ವಿಷಯ ನೀವೂ ಓದಿರಬಹುದು. ಹವಾನಾದ ಆ ಸದ್ದಿನದೆಂದು ಎಪಿ ಸುದ್ದಿಸಂಸ್ಥೆ 2017ರಲ್ಲಿ ಹೊರಹಾಕಿದ ರೆಕಾರ್ಡಿಂಗ್ ಕೆರಿಬಿಯನ್ ಪ್ರದೇಶದ ಒಂದು ಜೀರುಂಡೆಯ ಕೂಗಿಗೆ ಹೊಂದುತ್ತದೆ ಎಂದು 2019ರಲ್ಲಿ ಇಬ್ಬರು ವಿಜ್ಞಾನಿಗಳು ತೋರಿಸಿದರು. ಇದನ್ನೇ ಹಿಡಿದು ಹಲವರು ನಕ್ಕರು. ಅದು ಆ ಒಂದು ರೆಕಾರ್ಡಿಂಗಿನ ಮಾತು, ಅಷ್ಟೇ. ಜೀರುಂಡೆ ಕೂಗಿದ್ದಕ್ಕೆ ಯಾರೂ ತಿಂಗಳುಗಟ್ಟಲೆ ಗೋಡೆ ಹಿಡಿದು ಓಡಾಡುವುದಿಲ್ಲ.

ಯಾರೋ ಇವರ ಮೇಲೆ ಮೈಕ್ರೋವೇವ್ ಅಲೆಗಳನ್ನು ಹಾಯಿಸಿರಬೇಕು ಎಂಬ ಅನುಮಾನವೂ ಇದೆ. ಅದಕ್ಕೆ ಆಧಾರ ಇಲ್ಲದಿಲ್ಲ. ಬಿಟ್ಟುಬಿಟ್ಟು ಹೊಡೆಯುವ ಮೈಕ್ರೋವೇವ್ ತಲೆಗೆ ಬಿದ್ದರೆ ಒಳಗಿನ ಅಂಗಾಂಶ ಒಂದಿಷ್ಟೇ ಇಷ್ಟು ಬಿಸಿಯಾಗಿ ಹಿಗ್ಗುತ್ತದೆ. ಆ ಒತ್ತಡದ ಅಲೆ ಒಳಗಿವಿ ತಲುಪಿದಾಗ ಹೊರಗೆ ಸದ್ದೇ ಇಲ್ಲದೆ ತಲೆಯೊಳಗೆ ಟಕ್ ಟಕ್ ಎಂದು ಕೇಳುತ್ತದೆ. ಅಮೆರಿಕದ ವಿಜ್ಞಾನಿ ಅಲೆನ್ ಫ್ರೇ ಇದನ್ನು 1960ರ ದಶಕದ ಆರಂಭದಲ್ಲೇ ಬರೆದಿದ್ದರು. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿ 2020ರಲ್ಲಿ, ಸದ್ದು ಮತ್ತು ಒತ್ತಡದೊಂದಿಗೆ ಹಠಾತ್ತನೆ ಶುರುವಾದ ಪ್ರಕರಣಗಳಿಗೆ ಇದೇ ಹೆಚ್ಚು ಸಂಭವನೀಯ ಕಾರಣ ಎಂದಿತು. ಆದರೆ 2023ರಲ್ಲಿ ಅಲ್ಲಿನ ಬಹುತೇಕ ಗುಪ್ತಚರ ಸಂಸ್ಥೆಗಳು ಶತ್ರುದೇಶದ ಕೈವಾಡ ಇರುವ ಸಾಧ್ಯತೆ ತೀರಾ ಕಡಿಮೆ ಎಂದವು. 2025ರ ಜನವರಿಯಲ್ಲಿ ಏಳರಲ್ಲಿ ಎರಡು ಸಂಸ್ಥೆಗಳು ತಮ್ಮ ನಿಲುವು ಸಡಿಲಿಸಿದವು, ಐದು ಹಾಗೇ ಉಳಿದವು.

ಈಗ ನಿಮ್ಮ ಎಂಆರ್‌ಐ ಪ್ರಶ್ನೆ. 2024ರಲ್ಲಿ ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್ಐಎಚ್‌ನ ಸಂಶೋಧಕರು ಇಂಥ ತೊಂದರೆಗೆ ಒಳಗಾದ 81 ಜನರ ಮಿದುಳಿನ ಸ್ಕ್ಯಾನ್ ನೋಡಿ, ಆರೋಗ್ಯವಂತರಿಗಿಂತ ಗಮನಾರ್ಹ ವ್ಯತ್ಯಾಸ ಇಲ್ಲ ಎಂದರು. ಪತ್ರಿಕೆಗಳ ತಲೆಬರಹಕ್ಕೆ ಅಷ್ಟು ಸಾಕಾಯಿತು. ಜೊತೆಗೇ ಬಂದ ಇನ್ನೊಂದು ಅಧ್ಯಯನವನ್ನು ಹೆಚ್ಚಿನವರು ಓದಲಿಲ್ಲ. ಅದರಲ್ಲಿದ್ದ 86 ಜನರಲ್ಲಿ ಆಯಾಸ, ಖಿನ್ನತೆ, ಸಮತೋಲನದ ತೊಂದರೆ ಸ್ಪಷ್ಟವಾಗಿ ಹೆಚ್ಚಿತ್ತು. ಶೇ. 28ರಷ್ಟು ಜನರಲ್ಲಿ ನರಮಂಡಲದ ಕಾರ್ಯದ ದೋಷ ಗುರುತಿಸಿದರು. ಅದರಲ್ಲಿ ಹೆಚ್ಚಿನವು ಪಿಪಿಪಿಡಿ ಎನ್ನುವ ಬಿಡದ ತಲೆಸುತ್ತು.

ಇದನ್ನು ನಾನು ಹತ್ತಿರದಿಂದ ಬಲ್ಲೆ. ಒಮ್ಮೆ ಜೋರಾಗಿ ತಲೆ ತಿರುಗಿದ ಮೇಲೆ ಮಿದುಳು ಹೆದರಿದಂತಾಗಿ, ಮೈ ಬಿಗಿಹಿಡಿದು ಬರೀ ಕಣ್ಣನ್ನೇ ನಂಬಿ ನಡೆಯುವುದನ್ನು ರೂಢಿಮಾಡಿಕೊಳ್ಳುತ್ತದೆ. ಮೂಲ ಪೆಟ್ಟು ವಾಸಿಯಾದರೂ ರೂಢಿ ಹೋಗುವುದಿಲ್ಲ. ಸಂತೆ, ಟ್ರಾಫಿಕ್, ಸೂಪರ್ ಮಾರ್ಕೆಟ್ ಎಂದರೆ ನೆಲವೇ ತೂಗಿದಂತೆ. ಒಬ್ಬರು ಶಾಲಾ ಶಿಕ್ಷಕಿ ನಮ್ಮ ಕಾರಿಡಾರಿನ ಉದ್ದಕ್ಕೂ ಗೋಡೆಗೆ ಒಂದೇ ಬೆರಳು ತಾಗಿಸಿಕೊಂಡು ನಡೆದುಬಂದರು. ಎರಡು ಸಲ ತೆಗೆಸಿದ ಎಂಆರ್‌ಐ ನಾರ್ಮಲ್. 'ನಿಮಗೇನೂ ಆಗಿಲ್ಲಮ್ಮ, ಟೆನ್ಷನ್ ಕಡಿಮೆ ಮಾಡ್ಕೊಳ್ಳಿ' ಅಂತ ಒಬ್ಬ ಡಾಕ್ಟರು ಕಳಿಸಿದ್ದರಂತೆ. ಸ್ಪಂಜಿನ ದಿಂಬಿನ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಿ ಎಂದೆ. ಮೂರು ಎಣಿಸುವಷ್ಟರಲ್ಲಿ ವಾಲಿದರು, ಹೆಗಲು ಹಿಡಿದುಕೊಂಡೆ. ಅವರು ಕೇಳಿದ್ದು ಒಂದೇ ಮಾತು: 'ಹಾಗಾದ್ರೆ ನಾನು ಸುಳ್ಳು ಹೇಳ್ತಿಲ್ಲ ಅಲ್ವಾ ಮೇಡಂ?'

ಹವಾನಾದವರ ಮಿದುಳಿಗೆ ಮೊದಲು ಪೆಟ್ಟು ಬಿದ್ದಿತ್ತೇ, ಬಿದ್ದಿದ್ದರೆ ಯಾವುದರಿಂದ ಎಂದು ತಿಂಗಳುಗಳ ನಂತರ ತೆಗೆದ ಸ್ಕ್ಯಾನ್ ಹೇಳಲಾರದು. ಅವರ ನರಳಾಟ ಭ್ರಮೆ ಎಂದೂ ಅದು ಹೇಳುವುದಿಲ್ಲ. 'ಯಾರು ಮಾಡಿದರು' ಮತ್ತು 'ಇವರಿಗೇನಾಗಿದೆ' ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಸಿಗುವವರೆಗೆ ಎರಡನೆಯದನ್ನು ಕಾಯಿಸಿದ್ದೇ ನನ್ನ ಪ್ರಕಾರ ಇಡೀ ಪ್ರಕರಣದ ದೊಡ್ಡ ಅನ್ಯಾಯ. ಸಿಐಎ ಅಧಿಕಾರಿ ಮಾರ್ಕ್ ಪಾಲಿಮೆರೋಪೌಲೋಸ್ 2017ರ ಡಿಸೆಂಬರಿನಲ್ಲಿ ಮಾಸ್ಕೋದ ಹೋಟೆಲಿನಲ್ಲಿ ತಲೆ ತಿರುಗಿ ಎಚ್ಚರಗೊಂಡರು. ತಲೆನೋವು ಬಿಡದೆ 2019ರಲ್ಲಿ ಕೆಲಸ ಬಿಟ್ಟರು. ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಅವರಿಗೆ ಚಿಕಿತ್ಸೆ ಶುರುವಾದದ್ದು 2021ರಲ್ಲಿ.